ಕಂಡದ್ದು ಕಂಡ ಹಾಗೆ: ಹವ್ಯಾಸಿ ಭಾವಚಿತ್ರಕಾರರೂ ವಿಮರ್ಶೆಯ ಋಣವೂ

ಮಾಟುಂಗಾದ ಭಾವುದಾಜಿ ರಸ್ತೆಯನ್ನು ಮುಂಬಯಿ ಕನ್ನಡಿಗರಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ಕಟ್ಟಡ ಇರುವುದು ಆ ರಸ್ತೆಯಲ್ಲಿಯೇ. ನಾಟಕಕ್ಕೆಂದೋ, ಸಂಗೀತ ಕಚೇರಿಗೆಂದೋ, ಉಪನ್ಯಾಸಕ್ಕೆಂದೋ ಡೊಂಬಿವಲಿ, ಮುಲುಂಡ, ಬೋರಿವಲಿಗಳಿಂದ ಲೋಕಲ್ ಗಾಡಿ ಹಿಡಿದು ಬಂದ ನಮ್ಮವರು ಎಷ್ಟು ಸಲ ಆ ರಸ್ತೆಯನ್ನು ತುಳಿದಿದ್ದಾರೋ ಲೆಕ್ಕವಿಲ್ಲ. ಆದರೆ ರಸ್ತೆಗೆ ಹೆಸರು ಕೊಟ್ಟ ಆ ಡಾಕ್ಟರರಿಗೂ ನಮ್ಮ ಮನೆಯ ಗೋಡೆಯ ಮೇಲೆ ತೂಗುವ ಫೋಟೋಗಳಿಗೂ ಒಂದು ದೂರದ ನಂಟಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ನಮಗೂ ಬಹುಕಾಲ ತಿಳಿದಿರಲಿಲ್ಲ. ಆ ನಂಟನ್ನು ಹಿಡಿದುಕೊಂಡು ಫೋಟೋ ತೆಗೆಯುವ ಹವ್ಯಾಸದಷ್ಟೇ ಹಳೆಯದಾದ, ಆದರೆ ಅದಕ್ಕಿಂತ ಕಷ್ಟವಾದ ಇನ್ನೊಂದು ಅಭ್ಯಾಸದ ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ಒಬ್ಬರು ತೆಗೆದ ಚಿತ್ರವನ್ನು ಇನ್ನೊಬ್ಬರು ನೋಡಿ ಕಂಡದ್ದನ್ನು ಕಂಡ ಹಾಗೆ ಹೇಳುವುದು, ಹಾಗೆ ಹೇಳಿದ್ದನ್ನು ಚಿತ್ರ ತೆಗೆದವರು ಕೇಳಿಸಿಕೊಳ್ಳುವುದು, ಇದೇ ಆ ಅಭ್ಯಾಸ.

ಡಾ. ಭಾವು ದಾಜಿ ಹುಟ್ಟಿದ್ದು 1822ರಲ್ಲಿ, ಗೋವೆಯ ಕಡೆಯಲ್ಲಿ. ಗ್ರಾಂಟ್ ಮೆಡಿಕಲ್ ಕಾಲೇಜಿನ ಮೊದಲ ತಂಡದಲ್ಲಿ ವೈದ್ಯಪದವಿ ಪಡೆದವರು. ಶಾಸನಗಳನ್ನು ಓದಿದವರು, ಹಳೆಯ ನಾಣ್ಯಗಳನ್ನು ಕೂಡಿಸಿದವರು, ನಗರದ ಶೆರೀಫ್ ಆಗಿದ್ದವರು. 1874ರಲ್ಲಿ ತೀರಿಕೊಂಡರು. ಬಾಯಖಳಾದ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ 1975ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಇಷ್ಟು ಹಲವರಿಗೆ ಗೊತ್ತು. 1854ರಲ್ಲಿ ಈ ಊರಿನಲ್ಲಿ ಸ್ಥಾಪನೆಯಾದ ಬೊಂಬಾಯಿ ಫೋಟೋಗ್ರಾಫಿಕ್ ಸೊಸೈಟಿಯ ಸ್ಥಾಪಕ ಸದಸ್ಯರಲ್ಲಿ ಅವರೂ ಒಬ್ಬರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಪ್ಯಾರಿಸಿನಲ್ಲಿ ದಾಗೇರನ ವಿಧಾನ ಪ್ರಕಟವಾದದ್ದು 1839ರಲ್ಲಿ. ಲಂಡನ್ನಿನ ಸೊಸೈಟಿ ಹುಟ್ಟಿದ್ದು 1853ರಲ್ಲಿ. ಅದಾದ ಮರುವರ್ಷವೇ ಮುಂಬಯಿಯಲ್ಲಿ ಸೊಸೈಟಿ! ಕಲಕತ್ತೆ, ಮದರಾಸುಗಳು 1856ರವರೆಗೆ ಕಾಯಬೇಕಾಯಿತು. ಮುಂಬಯಿಯ ಸೊಸೈಟಿ ತನ್ನದೇ ಆದ ಪತ್ರಿಕೆಯನ್ನೂ ಹೊರಡಿಸಿತು. ಭಾವು ದಾಜಿಯವರ ತಮ್ಮ ಡಾ. ನಾರಾಯಣ ದಾಜಿಯವರೂ ವೈದ್ಯರೇ. ಅವರು ಸ್ವತಃ ಕ್ಯಾಮೆರಾ ಹಿಡಿದು ಊರಿನ ಜನರ ಚಿತ್ರಗಳನ್ನು ತೆಗೆದರು, ಪ್ರದರ್ಶನಗಳಲ್ಲಿ ಇಟ್ಟರು, ಸೊಸೈಟಿಯ ಆಡಳಿತ ಮಂಡಳಿಯಲ್ಲೂ ಕುಳಿತರು.

ಇಂಥದೊಂದು ಸಂಘ ಏಕೆ ಬೇಕಾಯಿತು? ಆಗಿನ ಫೋಟೋ ಇಂದಿನಂತೆ ಗುಂಡಿ ಒತ್ತಿದರೆ ಬರುವ ವಸ್ತುವಾಗಿರಲಿಲ್ಲ. 1851ರಲ್ಲಿ ಬಂದ ಹಸಿ ಗಾಜಿನ ವಿಧಾನದಲ್ಲಿ ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಸವರಿ, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಒಣಗುವ ಮೊದಲೇ ಕತ್ತಲ ಕೋಣೆಯಲ್ಲಿ ತೊಳೆಯಬೇಕಿತ್ತು. ಮುಂಬಯಿಯ ಸೆಕೆಯಲ್ಲಿ ಹಲಗೆ ಒಣಗುವುದಕ್ಕೆ ಎಷ್ಟು ಹೊತ್ತು ಬೇಕು! ಕುಳಿತವರು ಹಲವು ಸೆಕೆಂಡು ಅಲುಗದಂತೆ ಇರಬೇಕು. ತಲೆ ಅಲ್ಲಾಡದಿರಲೆಂದು ಹಿಂದಿನಿಂದ ಕಬ್ಬಿಣದ ಆಧಾರ ಕೊಡುತ್ತಿದ್ದರು. ಹಳೆಯ ಫೋಟೋಗಳಲ್ಲಿ ನಮ್ಮ ಮುತ್ತಜ್ಜಂದಿರು ಕೋರ್ಟಿನ ಕಟಕಟೆಯಲ್ಲಿ ನಿಂತವರಂತೆ ಕಾಣುವುದಕ್ಕೆ ಅವರ ಸ್ವಭಾವವೇ ಕಾರಣವಲ್ಲ. ಹೀಗಿರುವಾಗ ಒಬ್ಬನ ಹಲಗೆ ಏಕೆ ಮಬ್ಬಾಯಿತು, ಇನ್ನೊಬ್ಬನದು ಏಕೆ ಸ್ಪಷ್ಟವಾಯಿತು ಎಂದು ಕೂತು ಮಾತಾಡದೆ ಯಾರೂ ಕಲಿಯುವಂತಿರಲಿಲ್ಲ. ಚಿತ್ರ ತಂದು ತೋರಿಸುವುದು, ವಿಧಾನವನ್ನು ಬಿಚ್ಚಿ ಹೇಳುವುದು, ದೋಷವನ್ನು ಹುಡುಕುವುದು, ಇವೆಲ್ಲ ಇಂಥ ಸೊಸೈಟಿಗಳ ನಿತ್ಯದ ಕೆಲಸವಾದವು. ವಿಮರ್ಶೆ ಅಲ್ಲಿ ಅಲಂಕಾರವಾಗಿರಲಿಲ್ಲ, ಪಾಠಶಾಲೆಯೇ ಆಗಿತ್ತು.

ಈ ಹವ್ಯಾಸಿಗಳಿಂದ ಕನ್ನಡನಾಡಿಗೂ ಉಪಕಾರವಾಗಿದೆ. ಮುಂಬಯಿ ಸರಕಾರ 1855ರಲ್ಲಿ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನು ವಿಜಾಪುರ, ಐಹೊಳೆ, ಬಾದಾಮಿಗಳಿಗೆ ಹೋದ. ಅವನನ್ನು ಮರಳಿ ಸೈನ್ಯಕ್ಕೆ ಕರೆಸಿಕೊಂಡ ಮೇಲೆ ವೈದ್ಯ ಪಿಗೌ ಆ ಕೆಲಸ ಮುಂದುವರಿಸಿದ. ಇವರ ಚಿತ್ರಗಳೇ 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಗ್ರಂಥವಾಗಿ ಅಚ್ಚಾದವು. ಅದಕ್ಕೆ ಬರೆಹ ಒದಗಿಸಿದವರಲ್ಲಿ ಸುರಪುರದಲ್ಲಿದ್ದ ಮೆಡೋಸ್ ಟೇಲರನೂ ಒಬ್ಬ. ಹಣ ಒದಗಿಸಿದವರು ಮುಂಬಯಿಯ ಪ್ರೇಮಚಂದ ರಾಯಚಂದರು. ನಮ್ಮ ಗುಡಿಗಳ ಮೊದಲ ಫೋಟೋಗಳ ಹಿಂದೆ ಈ ಊರಿನ ನೆರಳಿದೆ.

ಆದರೆ ಗುಡಿಯ ಚಿತ್ರ ಬೇರೆ, ಮನುಷ್ಯನ ಮುಖ ಬೇರೆ. ಬಾದಾಮಿಯ ಬಂಡೆ ತನ್ನ ಚಿತ್ರ ಚೆನ್ನಾಗಿ ಬಂದಿಲ್ಲವೆಂದು ಮುನಿಯುವುದಿಲ್ಲ. ಮುಖದ ಚಿತ್ರ ತೆಗೆದಾಗ ಮೂವರಿಗೆ ಮನಸ್ಸಿರುತ್ತದೆ: ಕುಳಿತವರಿಗೆ, ತೆಗೆದವರಿಗೆ, ನೋಡಿದವರಿಗೆ. ಹಣ ತೆಗೆದುಕೊಂಡು ಚಿತ್ರ ತೆಗೆಯುವ ಸ್ಟುಡಿಯೋದವನು ಈ ಮೂವರಲ್ಲಿ ಕುಳಿತವರ ಮನಸ್ಸನ್ನೇ ನೋಡಬೇಕು. ಅದು ಅವನ ಹೊಟ್ಟೆಯ ಪ್ರಶ್ನೆ. 1855ರಲ್ಲಿ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಫೋಟೋಗ್ರಫಿಯ ತರಗತಿ ನಡೆಯಿತು. ಅಲ್ಲಿ ಕಲಿತ ಹರಿಶ್ಚಂದ್ರ ಚಿಂತಾಮಣಿಯವರು ಮುಂಬಯಿಯ ಮೊದಲ ಭಾರತೀಯ ಸ್ಟುಡಿಯೋ ಒಡೆಯರಲ್ಲಿ ಒಬ್ಬರಾದರು. 1896ರಲ್ಲಿ ರಾಜಾ ದೀನದಯಾಳರೂ ಇಲ್ಲಿ ಸ್ಟುಡಿಯೋ ತೆರೆದರು. ಇಂಥ ಕಡೆ ಗಿರಾಕಿಯ ಮುಖದ ಸುಕ್ಕು ಪೆನ್ಸಿಲಿನ ಮೊನೆಯಿಂದ ನೆಗೆಟಿವ್ ಮೇಲೆಯೇ ಮಾಯವಾಗುತ್ತಿತ್ತು. ವಿಲಿಯಂ ಜಾನ್ಸನ್ ಎಂಬವನು 1863 ಮತ್ತು 1866ರಲ್ಲಿ ಮುಂಬಯಿಯ ಜನಜಾತಿಗಳ ಚಿತ್ರಗಳ ಎರಡು ಸಂಪುಟ ಹೊರತಂದಾಗ, ಒಂದೆಡೆ ಕೂರಿಸಿ ತೆಗೆದ ಜನರನ್ನು ಇನ್ನೊಂದೆಡೆ ತೆಗೆದ ದೃಶ್ಯದ ಮುಂದೆ ಅಂಟಿಸಿ ಮತ್ತೆ ಅಚ್ಚು ಹಾಕಿದ್ದ. ಹಿನ್ನೆಲೆಯ ಗುಡಿಯೂ ಮುಂದಿನ ಮನುಷ್ಯನೂ ಎಂದೂ ಒಬ್ಬರನ್ನೊಬ್ಬರು ಕಂಡವರಲ್ಲ! ಹವ್ಯಾಸಿಗೆ ಗಿರಾಕಿಯಿಲ್ಲ. ಆದ್ದರಿಂದ ಸತ್ಯ ಹೇಳುವ, ಸತ್ಯ ಕೇಳುವ ಸವಲತ್ತು ಇರುವುದು ಅವನಿಗೇ. ಆ ಸವಲತ್ತನ್ನು ಅವನು ಬಳಸಿಕೊಳ್ಳುತ್ತಾನೆಯೇ ಎಂಬುದು ಬೇರೆ ಮಾತು.

ನಿಷ್ಠುರದ ಮಾತೆಲ್ಲ ಸರಿಯಾದ ಮಾತಲ್ಲ ಎಂಬುದಕ್ಕೂ ಇತಿಹಾಸದಲ್ಲಿ ಸಾಕ್ಷಿಯಿದೆ. ಜೂಲಿಯಾ ಮಾರ್ಗರೆಟ್ ಕ್ಯಾಮೆರನ್ ಎಂಬಾಕೆ 1815ರಲ್ಲಿ ನಮ್ಮ ಕಲಕತ್ತೆಯಲ್ಲೇ ಹುಟ್ಟಿದವಳು. 1863ರ ಕೊನೆಯಲ್ಲಿ, ತನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ, ಮಗಳು ಅಳಿಯ ಉಡುಗೊರೆಯಾಗಿ ಕೊಟ್ಟ ಕ್ಯಾಮೆರಾದಿಂದ ಇಂಗ್ಲೆಂಡಿನಲ್ಲಿ ಚಿತ್ರ ತೆಗೆಯಲು ತೊಡಗಿದಳು. ಬಂಧುಗಳು, ಸ್ನೇಹಿತರು, ಮನೆಗೆಲಸದ ಹುಡುಗಿಯರು, ಎಲ್ಲರ ಮುಖವೂ ಅವಳಿಗೆ ಬೇಕು. ಲಂಡನ್ನಿನ ಸೊಸೈಟಿಯ ಪಂಡಿತರು ಅವಳ ಚಿತ್ರಗಳನ್ನು ನೋಡಿ ಫೋಕಸ್ ಇಲ್ಲ, ಹಲಗೆಯಲ್ಲಿ ಗೀರು, ಕಲೆ, ಕೆಲಸದಲ್ಲಿ ಅಚ್ಚುಕಟ್ಟಿಲ್ಲ ಎಂದು ಬರೆದರು. ಅವರು ಹೇಳಿದ್ದು ಸುಳ್ಳೇನೂ ಅಲ್ಲ. ಗೀರು ಇತ್ತು, ಕಲೆ ಇತ್ತು. ಆದರೆ ಮುಖ ಮೃದುವಾಗಿ ಕಾಣಲೆಂದು ಆಕೆ ಬೇಕೆಂದೇ ಫೋಕಸನ್ನು ಅಲ್ಲಿಗೇ ನಿಲ್ಲಿಸಿದ್ದಳು ಎಂಬುದು ಅವರಿಗೆ ಹೊಳೆಯಲಿಲ್ಲ. ತಪ್ಪನ್ನು ಲೆಕ್ಕ ಹಾಕಿದರು, ಉದ್ದೇಶವನ್ನು ಕೇಳಲಿಲ್ಲ. 1866ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಅವಳಿಗೆ ಚಿನ್ನದ ಪದಕ ಬಂತು. ಇಂದು ಆ ವಿಮರ್ಶಕರ ಹೆಸರು ಯಾರಿಗೂ ನೆನಪಿಲ್ಲ.

ಅದೇ ಕ್ಯಾಮೆರನ್ನಳಿಗೆ ಚಿತ್ರಕಾರ ವಾಟ್ಸ್ ಎಂಬ ಸ್ನೇಹಿತನಿದ್ದ. ಬೆಲೆಬಾಳುವ ರಟ್ಟಿಗೆ ಅಂಟಿಸಿದ ಪ್ರತಿಗಳನ್ನು ಕಳಿಸಬೇಡ, ಹರಿದದ್ದೋ ಅರೆಬರೆಯಾದದ್ದೋ ಪ್ರತಿಯಿದ್ದರೆ ಅದನ್ನೇ ಕಳಿಸು, ಅಭಿಪ್ರಾಯ ಹೇಳುವುದಕ್ಕೆ ಅದು ಸಾಕು ಎಂಬ ಅರ್ಥದ ಮಾತನ್ನು ಅವನು ಆಕೆಗೆ ಬರೆದಿದ್ದ. ಇದರಲ್ಲಿ ಒಂದು ಒಳ್ಳೆಯ ಪಾಠವಿದೆ. ಚಿನ್ನದ ಚೌಕಟ್ಟು ಹಾಕಿಸಿ ಗೋಡೆಗೆ ಮೊಳೆ ಹೊಡೆದ ಮೇಲೆ ಹೇಗಿದೆ ಎಂದು ಕೇಳುವವರು ವಿಮರ್ಶೆ ಕೇಳುತ್ತಿಲ್ಲ, ಹೊಗಳಿಕೆ ಕೇಳುತ್ತಿದ್ದಾರೆ. ಬದಲಿಸಲು ಇನ್ನೂ ಸಮಯವಿರುವಾಗ ಕೇಳಿದ್ದೇ ನಿಜವಾದ ಕೇಳುವಿಕೆ.

ಇನ್ನೊಬ್ಬ ವಿಮರ್ಶಕನ ಕಥೆ ಇನ್ನೂ ಸ್ವಾರಸ್ಯದ್ದು. ಪೀಟರ್ ಹೆನ್ರಿ ಎಮರ್ಸನ್ ಎಂಬಾತ 1887ರಲ್ಲಿ ಲಂಡನ್ನಿನ ಹವ್ಯಾಸಿಗಳ ವಾರಪತ್ರಿಕೆಯ ಸ್ಪರ್ಧೆಗೆ ತೀರ್ಪುಗಾರನಾಗಿ, ಬರ್ಲಿನ್ನಿನಲ್ಲಿ ಓದುತ್ತಿದ್ದ ಒಬ್ಬ ಅಪರಿಚಿತ ತರುಣನಿಗೆ ಮೊದಲ ಬಹುಮಾನ ಕೊಟ್ಟ. ಆ ತರುಣನೇ ಮುಂದೆ ಜಗತ್ಪ್ರಸಿದ್ಧನಾದ ಆಲ್ಫ್ರೆಡ್ ಸ್ಟೀಗ್ಲಿಟ್ಸ್. ಅದೇ ಎಮರ್ಸನ್ 1889ರಲ್ಲಿ ಫೋಟೋಗ್ರಫಿಯ ಕಲೆಯ ಬಗ್ಗೆ ಗಟ್ಟಿ ಸಿದ್ಧಾಂತದ ಪುಸ್ತಕ ಬರೆದು, ಸ್ವಲ್ಪವೇ ಕಾಲದಲ್ಲಿ ತನ್ನ ವಾದ ತಪ್ಪೆಂದು ಮನಗಂಡು, ಸಾವಿನ ಸುದ್ದಿಯಂತೆ ಕಪ್ಪು ಅಂಚಿನ ಪುಸ್ತಿಕೆ ಅಚ್ಚು ಹಾಕಿಸಿ ಅದನ್ನು ಹಿಂದಕ್ಕೆ ತೆಗೆದುಕೊಂಡ. ಇತರರ ತಪ್ಪನ್ನು ಎತ್ತಿ ತೋರಿಸುವವರು ಬಹಳ ಮಂದಿ. ತಮ್ಮ ತಪ್ಪನ್ನು ಕಪ್ಪು ಅಂಚು ಹಾಕಿ ಸಾರಿದವರು ಎಷ್ಟು ಮಂದಿ?

ನಮ್ಮ ದೇಶದಲ್ಲಿ ಈ ಹವ್ಯಾಸ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಸಂಘಟಿತವಾಯಿತು. ಮುಂಬಯಿಯಲ್ಲಿ 1937ರಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು. ಬೆಂಗಳೂರಿನಲ್ಲಿ ಡಾ. ಜಿ. ಥಾಮಸ್ ಅವರು ಹವ್ಯಾಸಿಗಳನ್ನು ಒಗ್ಗೂಡಿಸಿದರು. 1953ರಲ್ಲಿ ಹುಟ್ಟಿದ ಭಾರತೀಯ ಫೋಟೋಗ್ರಫಿ ಒಕ್ಕೂಟಕ್ಕೂ ಅವರೇ ಬೆನ್ನೆಲುಬು. ಭಾರತದಲ್ಲಿ ಫೋಟೋಗ್ರಫಿಯ ಚರಿತ್ರೆಯನ್ನು ಬರೆದು 1981ರಲ್ಲಿ ಪ್ರಕಟಿಸಿದವರೂ ಅವರೇ. 1971ರಲ್ಲಿ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಸ್ಥಾಪನೆಯಾಯಿತು. ಸ್ಪರ್ಧಾ ಪ್ರದರ್ಶನಗಳಿಗೆ 'ಸಲಾನ್' ಎಂದು ಹೆಸರು. ದೇಶವಿದೇಶಗಳಿಂದ ಚಿತ್ರಗಳು ಅಂಚೆಯಲ್ಲಿ ಬರುತ್ತಿದ್ದವು. ಸಾಮಾನ್ಯವಾಗಿ ಮೂವರು ತೀರ್ಪುಗಾರರು. ತೆಗೆದವರ ಹೆಸರು ಅವರಿಗೆ ತಿಳಿಯದು. ಮೂವರ ಅಂಕಗಳನ್ನು ಕೂಡಿಸಿ ಆಯ್ಕೆ. ಒಪ್ಪಿತವಾದ ಚಿತ್ರದ ಬೆನ್ನಿಗೆ ಸಲಾನಿನ ಬಣ್ಣದ ಚೀಟಿ ಅಂಟುತ್ತಿತ್ತು. ಹತ್ತಾರು ಚೀಟಿಗಳಿದ್ದ ಚಿತ್ರದ ಬೆನ್ನನ್ನೇ ಮುಖಕ್ಕಿಂತ ಹೆಮ್ಮೆಯಿಂದ ತೋರಿಸುವ ಹವ್ಯಾಸಿಗಳನ್ನು ನಾವು ಕಂಡಿದ್ದೇವೆ.

ಹೆಸರನ್ನು ಮರೆಸಿಡುವ ಪದ್ಧತಿ ಮೆಚ್ಚತಕ್ಕದ್ದು. ಹೆಸರು ನೋಡಿ ಚಿತ್ರ ನೋಡುವ ಲೋಕ ನಮ್ಮದು. ಜೆ. ಜೆ. ಸ್ಕೂಲಿನಲ್ಲಿ ಕಲಿತ ಹೋಮೈ ವ್ಯಾರಾವಾಲಾ (1913-2012) ಈ ನಗರದಲ್ಲಿ ತೆಗೆದ ಮೊದಮೊದಲ ಚಿತ್ರಗಳು ಅಚ್ಚಾದದ್ದು ಅವರ ಪತಿ ಮಾಣೆಕ್‌ಶಾ ಅವರ ಹೆಸರಿನಲ್ಲಿ ಎಂಬುದನ್ನು ನೆನೆದರೆ ಇದು ಅರ್ಥವಾಗುತ್ತದೆ. ಆದರೆ ಸಲಾನಿಗೆ ಒಂದು ಕೊರತೆಯೂ ಇತ್ತು. ಅದು ತೀರ್ಪು ಕೊಡುತ್ತಿತ್ತು, ಕಾರಣ ಕೊಡುತ್ತಿರಲಿಲ್ಲ. ಒಪ್ಪಿದೆ ಅಥವಾ ಒಪ್ಪಿಲ್ಲ ಎಂಬ ಕಾರ್ಡು ಬಂದರೆ ಮುಗಿಯಿತು. ಕಾರಣ ತಿಳಿಯದವರು ಹಿಂದಿನ ವರ್ಷ ಗೆದ್ದದ್ದನ್ನು ನೋಡಿ ಅದರಂತೆಯೇ ತೆಗೆಯತೊಡಗಿದರು. ಗಡ್ಡದ ಮುದುಕ, ಮುಂಡಾಸು, ಕಪ್ಪು ಹಿನ್ನೆಲೆ, ಮುಖದ ತುಂಬ ಸುಕ್ಕು: ಇಂಥ ಚಿತ್ರಗಳು ಸಾಲುಸಾಲಾಗಿ ಬಂದವು. ಮುದುಕನ ಹೆಸರು ಯಾರಿಗೂ ಬೇಡವಾಯಿತು. ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರು ಬಾಲ್ಯದ ಹವ್ಯಾಸದಿಂದಲೇ ಬೆಳೆದು 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿದವರು, ಮುಂದೆ ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿಯಲ್ಲೂ ದುಡಿದವರು. ಅವರ ಚಿತ್ರಗಳಲ್ಲಿ ಸಾಮಾನ್ಯ ಜನರ ಮುಖಗಳು ಅವರವರ ಮುಖಗಳಾಗಿಯೇ ಉಳಿದಿವೆ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಮಕ್ಕಳು ಬಹುಮಾನಕ್ಕಾಗಿ ಕುಳಿತವರಲ್ಲ ಎಂಬುದು ನೋಡಿದೊಡನೆ ತಿಳಿಯುತ್ತದೆ.

ಇನ್ನು ನಮ್ಮ ಮನೆಗಳ ಮಾತಿಗೆ ಬರೋಣ. ಊರು ಬಿಟ್ಟು ಬಂದವರಿಗೆ ಫೋಟೋ ಎಂದರೆ ಬರಿಯ ವಿನೋದವಲ್ಲ. ಮಗು ಹುಟ್ಟಿದ್ದು ಊರಿನ ಅಜ್ಜ ಅಜ್ಜಿಗೆ ಗೊತ್ತಾಗುತ್ತಿದ್ದದ್ದು ಫೋಟೋದಿಂದ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಧಾರವಾಡಕ್ಕೋ ಉಡುಪಿಗೋ ಹೋಗುತ್ತಿದ್ದದ್ದು ಫೋಟೋ. ಕೊನೆಗೆ ಹಾರ ಹಾಕಿ ದೀಪ ಹಚ್ಚುವುದೂ ಫೋಟೋಕ್ಕೇ. ಆಗ್ಫಾ ಕ್ಲಿಕ್ ಕ್ಯಾಮೆರಾ ಮನೆಗೆ ಬಂದ ಕಾಲದಲ್ಲಿ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಒಂದೊಂದನ್ನೂ ಎಣಿಸಿ ತೆಗೆಯುತ್ತಿದ್ದೆವು. ಇಷ್ಟು ಭಾರ ಹೊತ್ತ ಚಿತ್ರ ಹೇಗಿದೆ ಎಂದು ಕೇಳಿದಾಗ ಮಾತ್ರ ನಮ್ಮವರೆಲ್ಲರ ಬಾಯಲ್ಲೂ ಒಂದೇ ಉತ್ತರ: ಬಹಳ ಚೆನ್ನಾಗಿದೆ! ಹೆತ್ತವರಿಗೆ ಹೆಗ್ಗಣ ಮುದ್ದು, ನೆಂಟರಿಗೆ ಸಂಕೋಚ, ಸ್ನೇಹಿತರಿಗೆ ದಾಕ್ಷಿಣ್ಯ. ಪರವೂರಿನಲ್ಲಿ ನಾಲ್ಕು ಮಂದಿ ನಮ್ಮವರೆಂದು ಇರುವಾಗ ಫೋಟೋದ ಸಲುವಾಗಿ ಯಾರನ್ನು ನೋಯಿಸುವುದು? ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂದು ಗಾದೆಯೇ ಇದೆಯಲ್ಲ.

ನಮಗೆ ಆ ಕೆಂಡ ತಾಗಿದ್ದು ಒಂದು ಸಂಜೆ. ಊರಿನಿಂದ ಬಂದ ಅಜ್ಜಿಯನ್ನು ಚಾಳಿನ ಪಡಸಾಲೆಯಲ್ಲಿ ಮಟಮಟ ಮಧ್ಯಾಹ್ನ ಕೂರಿಸಿ, ಕೈಗಳನ್ನು ಮೊಣಕಾಲ ಮೇಲೆ ನೇರವಾಗಿ ಇರಿಸಿ, ಒಂದು ಚಿತ್ರ ತೆಗೆದಿದ್ದೆವು. ದೊಡ್ಡದು ಮಾಡಿಸಿ ಸಂಘದ ಪ್ರದರ್ಶನದಲ್ಲಿ ಇಟ್ಟೆವು. ಬಂದವರೆಲ್ಲ ಅಜ್ಜಿ ಎದುರಿಗೇ ಕೂತಂತಿದೆ ಎಂದರು. ನಾವೂ ಉಬ್ಬಿದೆವು. ಸಭೆ ಚೆದುರಿದ ಮೇಲೆ ಒಬ್ಬ ಹಿರಿಯ ಸದಸ್ಯರು ಬಳಿಗೆ ಬಂದು ಮೆಲ್ಲನೆ ಕೇಳಿದರು: "ಅಜ್ಜಿಯ ಕಣ್ಣು ಎಲ್ಲಿದೆ?"

ನೋಡಿದೆವು. ನೆತ್ತಿಯ ಮೇಲಿನ ಬಿಸಿಲಿಗೆ ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿ ಮಾತ್ರ ಇದ್ದವು. "ನೀವು ಅಜ್ಜಿಯನ್ನು ಬಲ್ಲಿರಿ. ಅದಕ್ಕೇ ನಿಮಗೆ ಆ ಕಣ್ಣು ಕಾಣಿಸುತ್ತದೆ. ನಾನು ಬಲ್ಲೆನೇ? ನಿಮ್ಮ ಮೊಮ್ಮಕ್ಕಳು ಬಲ್ಲರೇ?" ಎಂದರು. ಆಮೇಲೆ, ಅಜ್ಜಿ ಸುಮ್ಮನೆ ಕೂತಾಗ ಕೈಯಲ್ಲಿ ಏನು ಮಾಡುತ್ತಾರೆ ಎಂದು ವಿಚಾರಿಸಿದರು. ಹೂಬತ್ತಿ ಮಾಡುತ್ತಾರೆ ಎಂದೆವು. "ಹಾಗಾದರೆ ಆ ಕೈಗಳನ್ನು ಪೋಲೀಸಿನವನ ಕೈಗಳಂತೆ ಏಕೆ ಇಡಿಸಿದಿರಿ?"

ಆ ರಾತ್ರಿ ನಮಗೆ ಸಿಟ್ಟು ಬಂದದ್ದು ನಿಜ. ಇವರಿಗೇನು ಗೊತ್ತು ಎಂದು ಮನೆಯಲ್ಲಿ ಹೇಳಿಕೊಂಡದ್ದೂ ನಿಜ. ಆದರೆ ಎರಡು ವಾರದ ಮೇಲೆ, ಬೆಳಗಿನ ಹೊತ್ತು, ಅಜ್ಜಿ ಕಿಟಕಿಯ ಬಳಿ ಅರಳೆ ಹಿಡಿದು ಕೂತಾಗ, ಏನೂ ಹೇಳದೆ ಇನ್ನೊಂದು ಚಿತ್ರ ತೆಗೆದೆವು. ಪಕ್ಕದಿಂದ ಬಂದ ಬೆಳಕಿನಲ್ಲಿ ಕಣ್ಣು ಕಂಡಿತು. ಬೆರಳುಗಳ ನಡುವೆ ಬತ್ತಿ ಕಂಡಿತು. ಮುಂದಿನ ವರ್ಷ ಅಜ್ಜಿ ತೀರಿಕೊಂಡರು. ಇಂದು ನಮ್ಮ ಮನೆಯ ಗೋಡೆಯಲ್ಲಿರುವುದು ಆ ಎರಡನೆಯ ಚಿತ್ರ. ಅಂದು ಆ ಹಿರಿಯರೂ ದಾಕ್ಷಿಣ್ಯಕ್ಕೆ ಬಿದ್ದು ಚೆನ್ನಾಗಿದೆ ಎಂದಿದ್ದರೆ ನಮ್ಮ ಮೊಮ್ಮಕ್ಕಳಿಗೆ ಸಿಗುತ್ತಿದ್ದದ್ದು ಎರಡು ಕಪ್ಪು ಗುಳಿ ಮಾತ್ರ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ನೆಮ್ಮದಿಯಾಗಿರುತ್ತಿದ್ದೆವು. ಕೆಲವು ತಿಂಗಳ ಮೇಲೆ ಆ ಹಿರಿಯರು ತಮ್ಮ ಚಿತ್ರವೊಂದನ್ನು ತಂದು ನಮ್ಮ ಮುಂದಿಟ್ಟರು. ಜುಹು ಕಡಲ ತಡಿಯಲ್ಲಿ ನಿಂತ ಅವರ ಪತ್ನಿಯವರ ಚಿತ್ರ. "ಏನು ಕಾಣುತ್ತದೆ, ಹೇಳಿ" ಎಂದರು. ಸಮುದ್ರದ ಅಂಚಿನ ಗೆರೆ ಆ ತಾಯಿಯ ಕೊರಳಿನ ಸರಿಯಾಗಿ ಹಿಂದೆ ಅಡ್ಡಲಾಗಿ ಹಾದುಹೋಗಿ, ತಲೆಯನ್ನು ಮೈಯಿಂದ ಬೇರ್ಪಡಿಸಿದಂತಿತ್ತು. ನಮಗೆ ಅದು ಕಂಡಿತ್ತು. ಆದರೂ "ಬಹಳ ಚೆನ್ನಾಗಿದೆ" ಎಂದೆವು. ಅವರು ನಮ್ಮ ಮುಖವನ್ನು ಒಂದು ಗಳಿಗೆ ನೋಡಿ, ಚಿತ್ರವನ್ನು ಲಕೋಟೆಗೆ ಹಾಕಿಕೊಂಡು, "ನಾನು ಕೊಟ್ಟ ಸಾಲ ನೀವು ತೀರಿಸಲಿಲ್ಲ" ಎಂದು ನಕ್ಕರು. ನಿವೃತ್ತಿಯ ನಂತರ ಅವರು ಊರಿಗೆ ಮರಳಿದರು. ಆ ಸಾಲ ಉಳಿದೇ ಹೋಯಿತು.

ಸತ್ಯವನ್ನೇ ಹೇಳಬೇಕು, ಪ್ರಿಯವಾಗುವಂತೆ ಹೇಳಬೇಕು ಎಂದು ನಮ್ಮ ಹಿರಿಯರು ವಿಧಿಸಿದ್ದಾರೆ. ಅದು ಹೇಗೆ ಸಾಧ್ಯವೆಂದು ಮೇಲಿನ ಚರಿತ್ರೆಯೇ ಸ್ವಲ್ಪ ತೋರಿಸಿಕೊಡುತ್ತದೆ. ಹತ್ತು ಜನರ ಮುಂದೆ ಹೇಳದೆ ಒಬ್ಬರೇ ಇದ್ದಾಗ ಹೇಳುವುದು. ತಪ್ಪು ಹೇಳುವ ಮೊದಲು ಉದ್ದೇಶವೇನೆಂದು ಕೇಳುವುದು. ಕ್ಯಾಮೆರನ್ನಳ ವಿಮರ್ಶಕರು ಮಾಡದಿದ್ದ ಕೆಲಸ ಇದು. ಕುಳಿತವರ ರೂಪದ ಬಗ್ಗೆ ಒಂದು ಮಾತೂ ಆಡದೆ ಬೆಳಕು, ಹಿನ್ನೆಲೆ, ಕೈ, ಕಣ್ಣು ಇವುಗಳ ಬಗ್ಗೆ ಮಾತ್ರ ಆಡುವುದು. ಮೂಗು ದೇವರು ಕೊಟ್ಟದ್ದು, ಅದರ ನೆರಳು ನಾವು ಕೊಟ್ಟದ್ದು. ಚೆನ್ನಾಗಿಲ್ಲ ಎಂದಷ್ಟೇ ಹೇಳಿ ಹೋಗದೆ, ಇನ್ನೊಮ್ಮೆ ತೆಗೆದರೆ ಏನು ಮಾಡಬಹುದೆಂದು ಹೇಳುವುದು. ಎಮರ್ಸನ್ನನಂತೆ ತನ್ನ ಮಾತೂ ತಪ್ಪಿರಬಹುದೆಂದು ನೆನಪಿಡುವುದು. ಕೇಳುವವರಿಗೋ ಒಂದೇ ನಿಯಮ: ಉತ್ತರ ಕೊಡುವ ಮೊದಲು ಎರಡು ವಾರ ಕಾಯುವುದು. ಎಲ್ಲ ಮಾತನ್ನೂ ಒಪ್ಪಬೇಕಾಗಿಲ್ಲ. ಆದರೆ ಸಿಟ್ಟು ಇಳಿದ ಮೇಲೂ ಯಾವ ಮಾತು ಕಿವಿಯಲ್ಲಿ ಉಳಿದಿದೆಯೋ ಅದು ಹೆಚ್ಚಾಗಿ ನಿಜವೇ ಇರುತ್ತದೆ.

ಈಗ ಫಿಲಂ ಸುರುಳಿಯಿಲ್ಲ, ಹನ್ನೆರಡರ ಲೆಕ್ಕವಿಲ್ಲ. ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲ್ ಇದೆ. ಒಂದು ನಾಮಕರಣಕ್ಕೆ ಮುನ್ನೂರು ಚಿತ್ರ. ಮುಖದ ಕಲೆ ಸುಕ್ಕುಗಳನ್ನು ಅದೇ ಯಂತ್ರ ಕೇಳದೆಯೇ ಅಳಿಸುತ್ತದೆ. ಹಿಂದೆ ಸ್ಟುಡಿಯೋದವನ ಪೆನ್ಸಿಲ್ ಮಾಡುತ್ತಿದ್ದ ಕೆಲಸ ಈಗ ಮನೆಮನೆಗೆ ಬಂದಿದೆ. ಚೆನ್ನಾಗಿದೆ ಎಂದು ಹೇಳಲು ಬಾಯಿ ತೆರೆಯುವ ಶ್ರಮವೂ ಇಲ್ಲ. ಹೆಬ್ಬೆರಳಿನ ಗುರುತು ಒತ್ತಿದರೆ ಸಾಕು. ಚಿತ್ರಗಳು ಹೆಚ್ಚಿದಷ್ಟೂ ಅಜ್ಜಿಯ ಕಣ್ಣು ಎಲ್ಲಿದೆ ಎಂದು ಕೇಳುವವರು ಕಡಿಮೆಯಾಗಿದ್ದಾರೆ.

ಆದ್ದರಿಂದ ವಾಚಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಲ ಸಂಘದ ಕಾರ್ಯಕ್ರಮಕ್ಕೆ ಬರುವಾಗ ನಿಮ್ಮ ಮನೆಯ ಹಿರಿಯರದೊಂದು ಚಿತ್ರ ತನ್ನಿ. ಚೌಕಟ್ಟು ಬೇಡ, ಸಾದಾ ಪ್ರತಿ ಸಾಕು. ಉಪನ್ಯಾಸ ಮುಗಿದ ಮೇಲೆ ಕಾಫಿ ಕುಡಿಯುತ್ತ ಹತ್ತು ನಿಮಿಷ ಒಬ್ಬರ ಚಿತ್ರ ಇನ್ನೊಬ್ಬರು ನೋಡೋಣ, ಕಂಡದ್ದು ಹೇಳೋಣ. ಹಿರಿಯರು ಇನ್ನೂ ಕಿಟಕಿಯ ಬಳಿ ಕೂತಿದ್ದಾರೆ, ಇನ್ನೊಂದು ಚಿತ್ರ ತೆಗೆಯಲು ಇನ್ನೂ ಸಮಯವಿದೆ. ಹೇಳುವವರು ಬೇರೆ ಯಾರೂ ಇಲ್ಲದಿದ್ದರೆ ನಾವೇ ಹೇಳುತ್ತೇವೆ. ತೀರಿಸಬೇಕಾದ ಸಾಲ ನಮ್ಮ ತಲೆಯ ಮೇಲಿದೆ.